ಸ್ಪಿರಿಟ್ಟಿಗೆ ಜಗ್ಗದ ಮಸಿ

ಮ್ಯೂಸಿಯಮ್ಮಿನ ಹಿಂಬದಿಯ ಕೋಣೆಯಲ್ಲಿ, ಕಿಟಕಿಯ ಬೆಳಕು ಎಡಗಡೆಯಿಂದ ಬೀಳುವಂತೆ ಮೇಜು ಎಳೆದುಕೊಂಡು ಕೂತಿರುತ್ತಿದ್ದ ಹೆಂಗಸನ್ನು ಎಲ್ಲರೂ ಮಸಿ ಮೇಡಂ ಎಂದೇ ಕರೆಯುತ್ತಿದ್ದರು. ಬೆನ್ನ ಹಿಂದೆ ಮಾತ್ರವಲ್ಲ, ಮುಖದೆದುರಿಗೇ. ಆಕೆಗೆ ಬೇಸರವಿರಲಿಲ್ಲ. ಬೇಸರಪಟ್ಟುಕೊಳ್ಳುವಷ್ಟು ಬೆಲೆಯನ್ನು ಅವರ್ಯಾರಿಗೂ ಆಕೆ ಕೊಟ್ಟಿರಲಿಲ್ಲ.

ಆಕೆಯ ಕೆಲಸ ಚೀಟಿ ಬರೆಯುವುದು. ಅಲ್ಲಿ ಸಾವಿರಾರು ಗಾಜಿನ ಜಾಡಿಗಳಿದ್ದವು. ಮೀನು, ಕಪ್ಪೆ, ಏಡಿ, ಹಾವು ಎಲ್ಲವೂ ಸ್ಪಿರಿಟ್ಟಿನಲ್ಲಿ ಮುಳುಗಿ, ಬಣ್ಣ ಬಿಟ್ಟುಕೊಂಡು, ಬಾಯಿ ತೆರೆದುಕೊಂಡು ನಿಂತಿದ್ದವು. ಜಾಡಿಯ ಹೊರಗೆ ಅಂಟಿಸಿದ ಚೀಟಿ ಇವತ್ತಲ್ಲ ನಾಳೆ ಉದುರುತ್ತದೆ, ಇಲ್ಲವೇ ಹುಳದ ಪಾಲಾಗುತ್ತದೆ. ಅದಕ್ಕೇ ಪ್ರಾಣಿಯ ಜೊತೆಗೆ ಸ್ಪಿರಿಟ್ಟಿನ ಒಳಗೇ ಬೆರಳುದ್ದದ ಚೀಟಿಯೊಂದನ್ನು ಇಳಿಬಿಡುವುದು ಅಲ್ಲಿಯ ಪದ್ಧತಿ. ಪ್ರಾಣಿಯ ಹೆಸರು, ಸಿಕ್ಕ ಜಾಗ, ತಾರೀಕು, ಹಿಡಿದವರು ಯಾರು, ಇಷ್ಟೇ ಅದರಲ್ಲಿ. ಆ ಚೀಟಿ ಹೋಯಿತೆಂದರೆ ಜಾಡಿಯಲ್ಲಿ ಉಳಿಯುವುದು ಬರೀ ಸತ್ತ ಮೀನು. ಅದನ್ನು ನೋಡುವುದಕ್ಕೆ ಮ್ಯೂಸಿಯಂ ಯಾಕೆ, ಮೀನಿನ ಅಂಗಡಿ ಸಾಕು.

ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಆಕೆ ಮೂಗು ಮುರಿಯಲು ಕಲಿತಿದ್ದಳು. ಆಕೆಗಿಂತ ಹಿಂದೆ ಚೀಟಿ ಬರೆಯುತ್ತಿದ್ದ ಮುದಿ ಗುಮಾಸ್ತರು ಒಗರು ಕಾಯಿ ಕುದಿಸಿ, ಅನ್ನಭೇದಿ ಎಂಬ ಕಬ್ಬಿಣದ ಉಪ್ಪು ಬೆರೆಸಿ, ತಾವೇ ಮಸಿ ಮಾಡಿಕೊಳ್ಳುತ್ತಿದ್ದರಂತೆ. ಬರೆದಾಗ ತಿಳಿಯಾಗಿದ್ದು ಆಮೇಲೆ ಕಪ್ಪಾಗುವ ಮಸಿ. ಅದರ ಗುಣಗಾನವನ್ನು ಊರೆಲ್ಲ ಮಾಡಿತ್ತು. ಹೊಸಬಳು ಜಾಡಿ ತೆಗೆದು ನೋಡಿದರೆ ಮಸಿ ಕಾಗದವನ್ನು ತಿಂದು ಹಾಕಿತ್ತು. ಅಕ್ಷರವಿದ್ದ ಕಡೆಯೆಲ್ಲ ಅಕ್ಷರದ ಆಕಾರದ ತೂತು. "ಬರೆದದ್ದಲ್ಲ ಇದು, ಕೊರೆದದ್ದು," ಎಂದು ಆಕೆ ನಕ್ಕಳು. ಎರಡು ವರ್ಷ ಕೂತು ಆ ತೂತುಗಳನ್ನೆಲ್ಲ ಓದಿ ಹೊಸ ಚೀಟಿ ಬರೆದಳು. ಅಂದಿನಿಂದ ಹೋದವರ ಬಗ್ಗೆಯಾಗಲಿ ಇದ್ದವರ ಬಗ್ಗೆಯಾಗಲಿ ಆಕೆಗೆ ದೊಡ್ಡ ಗೌರವವೇನೂ ಉಳಿಯಲಿಲ್ಲ.

ಆಕೆ ನಂಬಿದ್ದು ಒಂದೇ ಮಸಿಯನ್ನು. ದೀಪದ ಕಾಡಿಗೆಯಿಂದ ಮಾಡಿದ ಕಡುಕಪ್ಪು. ಮಿಕ್ಕ ಮಸಿಗಳೆಲ್ಲ ಬಣ್ಣದ ನೀರು, ಇದಕ್ಕೆ ಮಾತ್ರ ಮೈಯಿದೆ ಎಂದು ಆಕೆಯ ವಾದ. ಕಾಡಿಗೆ ಯಾವುದರಲ್ಲೂ ಕರಗುವುದಿಲ್ಲ, ಬಿಸಿಲಿಗೆ ಮಾಸುವುದಿಲ್ಲ, ಕಾಗದವನ್ನೂ ತಿನ್ನುವುದಿಲ್ಲ. ಆದರೆ ಸೋಮಾರಿಗಳ ಕೈಗೆ ಅದು ಒಗ್ಗುವುದೂ ಇಲ್ಲ. ನಿಬ್ಬಿನ ಮೇಲೆ ಒಣಗಿದರೆ ಕಲ್ಲು. ನಾಲ್ಕು ಸಾಲಿಗೊಮ್ಮೆ ನಿಬ್ಬು ಒರೆಸಬೇಕು. ದೊಡ್ಡ ಶೀಶೆಗೆ ಪೆನ್ನು ಅದ್ದಬಾರದು, ಅವತ್ತಿಗೆ ಬೇಕಾದಷ್ಟನ್ನು ಪುಟ್ಟ ಬಟ್ಟಲಿಗೆ ಬಗ್ಗಿಸಿಕೊಳ್ಳಬೇಕು. ಮಂದವಾದರೆ ಕುದಿಸಿ ಆರಿಸಿದ ನೀರಿನ ಒಂದೇ ಹನಿ. ಹೊಸ ನಿಬ್ಬಿಗೆ ಕಾರ್ಖಾನೆಯ ಎಣ್ಣೆ ಮೆತ್ತಿರುತ್ತದೆ. ಅದನ್ನು ಆಲೂಗಡ್ಡೆಗೆ ಚುಚ್ಚಿ, ಎಳೆದು, ಒರೆಸಿದರೆ ಎಣ್ಣೆ ಬಿಡುತ್ತದೆ. ಹಾಗೆ ಮಾಡದೆ ಮಸಿಗೆ ಅದ್ದಿದವರನ್ನು ಕಂಡರೆ ಆಕೆಗೆ ಮೈಯೆಲ್ಲ ಉರಿ. ಬರೆದ ಚೀಟಿ ಒಂದು ಹಗಲು ಒಂದು ರಾತ್ರಿ ಒಣಗಬೇಕು. ಆಮೇಲೆ ವಿನೆಗರ್ ಬೆರೆಸಿದ ನೀರಿನಲ್ಲಿ ಒಂದು ಮುಳುಗು, ಮತ್ತೆ ಒಣಗು, ಅದಾದ ಮೇಲೆ ಜಾಡಿ.

ಕಾಗದದಂಗಡಿಯವನು ಒಮ್ಮೆ ಫೌಂಟನ್ ಪೆನ್ನಿನ ಇಂಕು ಕೊಟ್ಟು, "ಅದ್ದೋ ಪೆನ್ನಿಗೂ ಇದೇ ಆಗುತ್ತೆ ಮೇಡಂ," ಎಂದಿದ್ದ. ಆಕೆ ಅಲ್ಲೇ, ಅವನ ಗಲ್ಲಾಪೆಟ್ಟಿಗೆಯ ಮೇಲೆಯೇ, ನಿಬ್ಬು ಅದ್ದಿ ತೋರಿಸಿದಳು. ನೀರುನೀರಾದ ಇಂಕು ನಿಬ್ಬಿನಲ್ಲಿ ನಿಲ್ಲದೆ ಜಾರಿ, ಅವನ ರಸೀದಿ ಪುಸ್ತಕದ ಮೇಲೆ ಕೆರೆ ಕಟ್ಟಿತು.

"ಇದಕ್ಕೆ ಚೂರು ಗೋಂದು ಬೆರೆಸಿದ್ರೆ ನಿಲ್ಲುತ್ತೆ. ನಿಮಗೆ ಅದೂ ಗೊತ್ತಿಲ್ಲ. ಇಂಕು ಮಾರೋಕೆ ಕೂತಿದ್ದೀರಿ," ಎಂದು ಹೇಳಿ ಎದ್ದು ಬಂದಳು. ಆಮೇಲೆ ಆಕೆ ಬೀದಿಯ ತುದಿಯಲ್ಲಿ ಕಂಡರೆ ಸಾಕು, ಅವನಿಗೆ ಒಳಗೆ ಏನೋ ಕೆಲಸ ನೆನಪಾಗುತ್ತಿತ್ತು.

ಮನೆಯಲ್ಲಿ ಗಂಡ. ದರ್ಜಿ. ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುವವನು. ಮದುವೆಯಾದ ಹೊಸತರಲ್ಲೇ ಆಕೆ ಕೇಳಿದ್ದಳು, "ಕೊಡವಿದ್ರೆ ಹೋಗೋದಕ್ಕೂ ಗೆರೆ ಅಂತಾರಾ ರೀ?"

"ಹೋಗಲಿ ಅಂತಾನೇ ಕಣೇ ಎಳೆಯೋದು. ಗೆರೆ ಉಳಿದ್ರೆ ಗಿರಾಕಿ ಉಳಿಯಲ್ಲ," ಎಂದಿದ್ದ ಅವನು. ಅವನ ಮೇಲೆ ಆಕೆಯ ತಿರಸ್ಕಾರ ನಾಟುತ್ತಿರಲಿಲ್ಲ. ಅದಕ್ಕೇ ಇರಬೇಕು, ಸಂಸಾರ ಸುಸೂತ್ರವಾಗಿ ನಡೆದಿತ್ತು.

ಇನ್ನು ಜಾಡಿಯಣ್ಣ. ಜಾಡಿಗಳಿಗೆ ಸ್ಪಿರಿಟ್ ತುಂಬುವವನು. ಮುಚ್ಚಳದ ಸಂದಿಯಲ್ಲಿ ಸ್ಪಿರಿಟ್ ಆರಿ ಹೋಗುತ್ತಲೇ ಇರುವುದರಿಂದ ಅವನಿಗೆ ವರ್ಷವಿಡೀ ಕೆಲಸ. ಈ ತುದಿಯಿಂದ ತುಂಬಿಸುತ್ತ ಹೋಗಿ ಆ ತುದಿ ಮುಟ್ಟುವಾಗ ಈ ತುದಿ ಇಳಿದಿರುತ್ತಿತ್ತು. ಮೊಣಕೈ ಹರಿದ ನೀಲಿ ಕೋಟು, ಹತ್ತು ಮಾರು ದೂರಕ್ಕೇ ವಾಸನೆ. ಜಾಡಿಗಳ ಜೊತೆ ಮಾತಾಡುವ ಚಾಳಿ ಬೇರೆ. "ಏನಪ್ಪಾ, ಬಾಯಾರಿತಾ?" ಎನ್ನುತ್ತ ಒಂದೊಂದಕ್ಕೂ ಸುರಿಯುತ್ತಿದ್ದ. ಅವನು ಬರೆದ ಐದು ಎಂಬ ಅಂಕಿ ಬೆನ್ನು ತಿರುಗಿಸಿಕೊಂಡಿರುತ್ತಿತ್ತು. ಇಪ್ಪತ್ತಾರು ವರ್ಷ ಒಂದೇ ಛಾವಣಿಯ ಕೆಳಗಿದ್ದರೂ ಆಕೆ ಅವನ ಜೊತೆ ಆಡಿದ ಮಾತು, "ಕೈ ಒರೆಸ್ಕೊಂಡು ಮುಟ್ಟಿ," ಎಂಬುದಕ್ಕಿಂತ ಹೆಚ್ಚಿಗೆ ಹೋಗಿರಲಿಲ್ಲ.

ಹೀಗಿರುವಾಗ ಹೊಸ ಡೈರೆಕ್ಟರ್ ಬಂದರು. ಅಲ್ಲಿಯವರೆಗೆ ಅವರು ವಸ್ತುಪ್ರದರ್ಶನಗಳಿಗೆ ಮಂಟಪ ಕಟ್ಟಿಸುವ ಇಲಾಖೆಯಲ್ಲಿದ್ದವರು. ಬಂದವರೇ ಮೀನಿನ ಕೋಣೆಗೆ ತಿಳಿನೀಲಿ ಬಣ್ಣ ಹೊಡೆಸಿದರು, ಕಪಾಟುಗಳಿಗೆ ದೀಪ ಹಾಕಿಸಿದರು. ಆಮೇಲೆ ಮಸಿ ಮೇಡಮ್ಮನ್ನು ಕರೆಸಿದರು.

"ಚೀಟಿಗಳೆಲ್ಲ ಹಳದಿ ತಿರುಗಿವೆ. ನೋಡೋಕೆ ಚೆನ್ನಾಗಿಲ್ಲ. ಹೊಸದಾಗಿ, ಗೋಡೆಗೆ ಹೊಂದೋ ಹಾಗೆ ನೀಲಿ ಇಂಕಲ್ಲಿ ಬರೆದುಕೊಡಿ."

"ಗೋಡೆಗೆ ಹೊಂದೋದಲ್ಲ ಸಾರ್ ಮುಖ್ಯ, ಸ್ಪಿರಿಟ್ಟಿಗೆ ಹೊಂದಬೇಕು. ನೀಲಿ ನಿಲ್ಲಲ್ಲ."

"ಈಗ ಎಷ್ಟೋ ಹೊಸ ಇಂಕುಗಳು ಬಂದಿವೆ ಮೇಡಂ. ನೀವು ಸ್ವಲ್ಪ ಹೊರಗಿನ ಪ್ರಪಂಚ ನೋಡಬೇಕು."

"ನೀವು ಸ್ವಲ್ಪ ಜಾಡಿ ಒಳಗೆ ನೋಡಬೇಕು," ಎಂದಳು ಆಕೆ.

ಮಾತು ಅಲ್ಲಿಗೆ ಮುಗಿಯಿತು. ಮುಂದಿನ ವಾರ ಕೆಲಸ ಹೊರಗಿನವನ ಕೈಗೆ ಹೋಯಿತು. ಬಂದವನು ತನ್ನನ್ನು ಅಕ್ಷರ ಕಲಾವಿದ ಎಂದು ಪರಿಚಯಿಸಿಕೊಂಡ. ಮಖಮಲ್ಲಿನ ಹೊದಿಕೆಯ ಪೆಟ್ಟಿಗೆ, ಅದರೊಳಗೆ ಹದಿನೆಂಟು ಶೀಶೆ, ಒಂದೊಂದಕ್ಕೂ ಒಂದೊಂದು ಹೆಸರು: ಮುಸ್ಸಂಜೆ, ನವಿಲುಗರಿ, ಮೊದಲ ಮಳೆ. ಬರೆಯುವ ಮುಂಚೆ ಕಣ್ಣು ಮುಚ್ಚಿ ಉಸಿರೆಳೆದುಕೊಳ್ಳುತ್ತಿದ್ದ. ಕೈಗೆ ಬಿಳಿ ಗವಸು. ಗವಸು ಯಾಕೆಂದು ಆಕೆ ಯೋಚಿಸಿದಳು. ಮಸಿ ಮುಟ್ಟಲು ಹೇಸುವವನು ಮಸಿಯಲ್ಲಿ ಬರೆಯಲು ಬಂದಿದ್ದಾನೆ. ಈಜಲು ಬಂದವನು ಕೊಡೆ ಹಿಡಿದ ಹಾಗೆ.

ಆರಿಸಿದ್ದು ನವಿಲುಗರಿ. "ನೀರಿಗೆ ಬಿದ್ರೂ ಹೋಗಲ್ಲ," ಎಂದು ನಲ್ಲಿಯ ಕೆಳಗೆ ಹಿಡಿದೇ ತೋರಿಸಿದ. ಡೈರೆಕ್ಟರ್ ತಲೆದೂಗಿದರು. ಜಾಡಿಯಲ್ಲಿರುವುದು ನೀರಲ್ಲವಲ್ಲ ಎಂದು ಕೇಳಬೇಕೆಂದು ಆ ಇಬ್ಬರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಅಕ್ಷರವೇನೋ ಚೆನ್ನಾಗಿತ್ತು. ಅದನ್ನು ಆಕೆ ಮನಸ್ಸಿನಲ್ಲೇ ಒಪ್ಪಿಕೊಂಡಳು. ಒಪ್ಪಿಕೊಂಡದ್ದರಿಂದ ಸಿಟ್ಟು ಇನ್ನೂ ಏರಿತು. ಒಂದು ಮಧ್ಯಾಹ್ನ ಅವನ ಮೇಜಿನ ಬಳಿ ಹೋಗಿ, "ನನ್ನದೊಂದು ಹೆಸರು ಬರೆದುಕೊಡಿ, ನೆನಪಿಗಿರಲಿ," ಎಂದಳು. ಅವನು ಹಿಗ್ಗಿ, ಅಕ್ಷರಗಳಿಗೆ ಬಾಲ ಸುತ್ತಿಸಿ 'ಮಸಿ ಮೇಡಂ' ಎಂದು ಬರೆದುಕೊಟ್ಟ. ಆಕೆ ಅದನ್ನು ಒಣಗಿಸಿ, ಸ್ಪಿರಿಟ್ ತುಂಬಿದ ಪುಟ್ಟ ಶೀಶೆಯಲ್ಲಿ ಹಾಕಿ, ತನ್ನ ಕಿಟಕಿಯ ದಂಡೆಯ ಮೇಲೆ ಇಟ್ಟಳು.

ನಾಲ್ಕನೆಯ ದಿನ ಅಕ್ಷರಗಳ ಸುತ್ತ ನೀಲಿ ಹೊಗೆ ಎದ್ದಿತು. ಶೀಶೆ ಹಿಡಿದುಕೊಂಡು ಹೋಗಿ ಡೈರೆಕ್ಟರರ ಮುಂದಿಟ್ಟಳು. ಅವರು ಫೋನಿನಲ್ಲಿದ್ದರು. ಕಿವಿಯಿಂದ ತೆಗೆಯದೆಯೇ, "ಎಲ್ಲಿಟ್ಟಿದ್ರಿ ಇದನ್ನ?" ಎಂದರು.

"ಕಿಟಕೀಲಿ."

"ಬಿಸಿಲಿಗೆ ಇಟ್ರೆ ಯಾವ ಇಂಕು ತಾನೆ ನಿಲ್ಲುತ್ತೆ ಮೇಡಂ? ಮೀನಿನ ಕೋಣೆಗೆ ಬಿಸಿಲೇ ಬರಲ್ಲ," ಎಂದು ಕೈಯಲ್ಲೇ ಹೋಗಿ ಎಂಬಂತೆ ಸನ್ನೆ ಮಾಡಿದರು.

ಏಳನೆಯ ದಿನಕ್ಕೆ ಶೀಶೆಯಲ್ಲಿ ನೀಲಿ ಸ್ಪಿರಿಟ್, ಅದರಲ್ಲಿ ಬೋಳು ಕಾಗದ. ಆ ಹೊತ್ತಿಗೆ ಕಲಾವಿದ ನೂರು ಜಾಡಿ ಮುಗಿಸಿದ್ದ, ಇನ್ನೂ ನೂರನಲವತ್ತು ಬಾಕಿಯಿತ್ತು. ಅದಕ್ಕಿಂತ ಕೆಟ್ಟದ್ದೇನೆಂದರೆ, ಹಳೆಯ ಚೀಟಿ ಒಳಗೇ ಇರಲಿ ಎಂಬ ನಿಯಮವನ್ನು ಗಾಳಿಗೆ ತೂರಿ, ಕೊಳಕಾಗಿ ಕಾಣುತ್ತವೆಂದು ಡೈರೆಕ್ಟರ್ ಅವನ್ನೆಲ್ಲ ಹೊರಗೆ ತೆಗೆಸಿ ಒಂದೇ ದೊಡ್ಡ ಲಕೋಟೆಗೆ ತುಂಬಿಸುತ್ತಿದ್ದರು. ಯಾವ ಚೀಟಿ ಯಾವ ಜಾಡಿಯದೆಂದು ಗುರುತಿಲ್ಲ. ದಾಖಲೆ ಪುಸ್ತಕವಿತ್ತು, ನಿಜ. ಅದರಲ್ಲೂ ಚೀಟಿಯಲ್ಲಿದ್ದ ಹೆಸರು, ಜಾಗ, ತಾರೀಕುಗಳೇ ಇದ್ದವು. ಮೀನು ಹೇಗಿದೆ ಎಂದು ಯಾರೂ ಬರೆದಿರಲಿಲ್ಲ.

ಆಕೆ ಶೀಶೆಯನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿದಳು.

ಸಂಜೆ ಗಂಡನಿಗೆ ಇದನ್ನೆಲ್ಲ ಹೇಳುವಾಗ ಆಕೆಯ ದನಿಯಲ್ಲಿ ಹಬ್ಬವಿತ್ತು. "ನೋಡ್ತಾ ಇರಿ, ಬಿಸಿಲಿಲ್ಲದ ಕಡೆ ಸ್ವಲ್ಪ ನಿಧಾನ, ಇನ್ನೊಂದೆರಡು ತಿಂಗಳು. ಬಣ್ಣ ಬಯಲಾಗುತ್ತೆ, ಎರಡೂ ಅರ್ಥದಲ್ಲಿ."

ಗಂಡ ಹೊಲಿಗೆಯಂತ್ರ ನಿಲ್ಲಿಸಿದ. "ಹೇಳಿದ್ಯಾ ಅವರಿಗೆ?"

"ಒಂದು ಸಲ ಹೇಳಿದೆ."

"ಇನ್ನೊಂದು ಸಲ ಹೇಳು."

"ನಾನ್ಯಾಕೆ ಹೇಳ್ಲಿ? ಹೊರಗಿನ ಪ್ರಪಂಚ ನೋಡಿದವರು ಅವರು. ನೋಡ್ಕೊಳ್ಳಲಿ."

ಅವನು ಮತ್ತೆ ಯಂತ್ರ ತುಳಿಯತೊಡಗಿದ. ಆಕೆಗೆ ಆ ಸದ್ದು ಅವತ್ತು ಯಾಕೋ ಹಿಡಿಸಲಿಲ್ಲ.

ಮೀನಿನ ಕೋಣೆಯ ಉದ್ಘಾಟನೆ ಧಾಂಧೂಂ ಎಂದು ಆಯಿತು. ಭಾಷಣಗಳಾದವು, ಫೋಟೋಗಳಾದವು, ಕಲಾವಿದನಿಗೆ ಶಾಲು ಬಿತ್ತು. ಆಕೆ ಕೊನೆಯ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದಳು. ಎಷ್ಟು ತಟ್ಟಿದಳೆಂದರೆ ಪಕ್ಕದವರು ತಿರುಗಿ ನೋಡಿದರು.

ಐದು ವಾರದ ಮೇಲೆ ಒಂದು ಬೆಳಗ್ಗೆ ಜಾಡಿಯಣ್ಣ ಜಾಡಿಯೊಂದನ್ನು ಎದೆಗವಚಿಕೊಂಡು ಆಕೆಯ ಮೇಜಿನ ಮುಂದೆ ಬಂದು ನಿಂತ. ಕೈ ಒರೆಸಿಕೊಂಡಿದ್ದ.

"ಮೇಡಂ, ಇವನ ಹೆಸರು ಹೋಗಿಬಿಟ್ಟಿದೆ."

ಆಕೆ ಕತ್ತೆತ್ತಿ ನೋಡಿದಳು. ತಿಳಿನೀಲಿ ಸ್ಪಿರಿಟ್ಟಿನಲ್ಲಿ ಒಂದು ಮೀನು, ಮಗ್ಗುಲಲ್ಲಿ ಒಂದು ಖಾಲಿ ಚೀಟಿ. ಇಷ್ಟು ದಿನ ಕಾದಿದ್ದ ಗಳಿಗೆ. ಡ್ರಾಯರಿನ ಬೀಗ ತೆಗೆದು ತನ್ನ ಶೀಶೆಯನ್ನು ಅದರ ಪಕ್ಕದಲ್ಲಿಟ್ಟಳು. "ನೋಡಿ, ನನಗೆ ಯಾವತ್ತೋ ಗೊತ್ತಿತ್ತು."

ಜಾಡಿಯಣ್ಣ ಶೀಶೆಯನ್ನು ನೋಡಿದ, ಆಕೆಯನ್ನು ನೋಡಿದ. "ಗೊತ್ತಿತ್ತಾ?"

"ಹೂಂ."

"ಯಾವಾಗಿಂದ?"

"ಅವನು ನೂರು ಬರೆದಿದ್ದಾಗ."

"ಹಾಗಾದ್ರೆ ಉಳಿದವ್ರನ್ನ ಉಳಿಸಬಹುದಿತ್ತಲ್ಲ ಮೇಡಂ," ಎಂದ ಅವನು. ಸಿಟ್ಟಿನಿಂದಲ್ಲ, ತಿಳಿದುಕೊಳ್ಳಬೇಕೆಂಬ ಹಾಗೆ ಕೇಳಿದ. ಆಕೆ ತನ್ನ ಶೀಶೆಯನ್ನು ಮೆಲ್ಲಗೆ ಡ್ರಾಯರಿನ ಕಡೆಗೆ ಎಳೆದುಕೊಂಡಳು. ಅವನು ಜಾಡಿ ಎತ್ತಿಕೊಂಡು, "ನಡಿಯಪ್ಪ," ಎಂದು ಅದಕ್ಕೇ ಹೇಳಿ ಹೊರಟು ಹೋದ. ಜೀವನದಲ್ಲಿ ಮೊದಲ ಸಲ ಯಾರೋ ಆಕೆಯ ಮುಖಕ್ಕೆ ಮಸಿ ಬಳಿದಂತಾಗಿತ್ತು, ಅದೂ ಪೆನ್ನು ಹಿಡಿಯಲು ಬಾರದ ಕೈಯವನು.

ವಾರದೊಳಗೆ ಇನ್ನೂರನಲವತ್ತು ಚೀಟಿಗಳೂ ಬೋಳಾದವು. ಕಲಾವಿದ ಫೋನ್ ಎತ್ತುವುದನ್ನು ಬಿಟ್ಟ. ಡೈರೆಕ್ಟರ್ ಆಕೆಯನ್ನು ಕರೆಸಿ, ಈ ಸಲ ಕುರ್ಚಿ ತೋರಿಸಿ ಕೂರಿಸಿ, ಲಕೋಟೆಯನ್ನು ಮುಂದೆ ತಳ್ಳಿದರು.

"ಇವೆಲ್ಲ ನೀವೇ ಬರೆದದ್ದಲ್ವಾ ಮೇಡಂ? ಯಾವುದು ಯಾವ ಮೀನಿಂದು ಅಂತ ಹೇಳಿಬಿಡಿ, ವಾಪಸ್ ಹಾಕಿಸೋಣ."

ಆಕೆ ಚೀಟಿಗಳನ್ನು ಮೇಜಿನ ಮೇಲೆ ಸುರಿದಳು. ಪ್ರತಿಯೊಂದೂ ನೆನಪಿತ್ತು. ಇದು ನಿಬ್ಬು ಕೆಟ್ಟ ದಿನ ಬರೆದದ್ದು, ಇದರಲ್ಲಿ ಎರಡನೇ ಸಾಲು ಕೂದಲೆಳೆಯಷ್ಟು ಮೇಲೆ ಹೋಗಿದೆ, ಇದನ್ನು ಬರೆಯುವಾಗ ಮಸಿ ಮಂದವಾಗಿತ್ತು. ಚೀಟಿಗಳನ್ನು ಹಿಡಿದು ಮೀನಿನ ಕೋಣೆಗೆ ಹೋದಳು. ಕಪಾಟಿನ ಮುಂದೆ ನಿಂತಳು. ಸಾಲಾಗಿ ಮೀನುಗಳು ನೋಡುತ್ತಿದ್ದವು. ಎಲ್ಲವೂ ಬೂದಿಬಣ್ಣ, ಎಲ್ಲಕ್ಕೂ ಎರಡು ಕಣ್ಣು, ಒಂದು ಬಾಲ. ಇಪ್ಪತ್ತಾರು ವರ್ಷ ಇವುಗಳ ಹೆಸರು ಬರೆದಿದ್ದಳು. ಒಂದರ ಮುಖವನ್ನೂ ನೋಡಿರಲಿಲ್ಲ. ಮೊದಲ ಚೀಟಿಯನ್ನು ಹಿಡಿದು ಕಾಲು ಗಂಟೆ ನಿಂತಳು.

ಹಿಂದಿನಿಂದ ಸ್ಪಿರಿಟ್ಟಿನ ವಾಸನೆ ಬಂತು.

"ಅದರಲ್ಲಿ ಏನಂತ ಬರೆದಿದೆ, ಓದಿ ಮೇಡಂ," ಎಂದ ಜಾಡಿಯಣ್ಣ.

ಆಕೆ ಓದಿದಳು. ಉದ್ದನೆಯ ಶಾಸ್ತ್ರೀಯ ಹೆಸರು, ಆಮೇಲೆ ಸಿಕ್ಕ ಜಾಗ. ಹಳೆಯ ಸೇತುವೆಯ ಕೆಳಗಿನ ಮಡು, ಇಂಥ ತಾರೀಕು.

"ಸೇತುವೆ ಕೆಳಗಾ? ಹಾಗಾದ್ರೆ ಮೂರನೇ ಸಾಲಿನ ಕಚ್ಚಿಸ್ಕೊಂಡವನು," ಎಂದು ಅವನು ನೇರ ಹೋಗಿ ಒಂದು ಜಾಡಿ ಇಳಿಸಿದ. ಬಾಲದ ತುದಿ ಅರ್ಧಚಂದ್ರದ ಹಾಗೆ ಹರಿದಿತ್ತು. "ಬಲೆ ಎಳೆದಾಗಲೇ ಹೀಗಿದ್ದ. ನಾನೇ ಡಬ್ಬ ಹೊತ್ತಿದ್ದು. ನಮ್ಮ ಮೀನು ಪಂಡಿತರು ಅವತ್ತು ಕಾಲುಜಾರಿ ಮಡುವಿಗೆ ಬಿದ್ರು, ಚಪ್ಪಲಿ ತೇಲಿಹೋಯ್ತು." ಪಂಡಿತರೆಂದರೆ ಹಿಂದೆ ಅಲ್ಲಿದ್ದ ಮೀನು ಶಾಸ್ತ್ರಜ್ಞರು, ಅವರು ತೀರಿಕೊಂಡು ಹತ್ತು ವರ್ಷವಾಗಿತ್ತು. ಅವರ ಜೊತೆ ಕೆರೆ ಹೊಳೆ ಸುತ್ತಿದವನು ಇವನೆಂದು ಆಕೆಗೆ ಗೊತ್ತೇ ಇರಲಿಲ್ಲ. ಕೇಳಿದ್ದರೆ ತಾನೆ?

ಮಾರನೆಯ ದಿನದಿಂದ ಇಬ್ಬರೂ ಕೂತರು. ಆಕೆ ಓದುತ್ತಿದ್ದಳು, ಅವನು ಕಪಾಟುಗಳ ನಡುವೆ ಓಡಾಡುತ್ತ ಹುಡುಕುತ್ತಿದ್ದ. ಅವನ ಲೆಕ್ಕದಲ್ಲಿ ಮೀನುಗಳಿಗೆ ಬೇರೆಯೇ ಹೆಸರುಗಳಿದ್ದವು: ಮೊಂಡುಮೂತಿ, ಅಳುಮುಂಜಿ, ಇಬ್ಬರು ಅಣ್ಣತಮ್ಮಂದಿರು, ಡೈರೆಕ್ಟರ್. ಕೊನೆಯದನ್ನು ನೋಡಿ ಆಕೆಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಊದಿಸಿಕೊಂಡು ಬಾಯಿ ಮುಂದೆ ಮಾಡಿದ್ದ ಮೀನು, ಫೋನಿನಲ್ಲಿ ಮಾತಾಡುವಂತೆಯೇ ಇತ್ತು. ಕೆಲವೊಮ್ಮೆ ಅವನು ಗಂಟೆಗಟ್ಟಲೆ ಎರಡು ಜಾಡಿಗಳ ನಡುವೆ ನಿಂತುಬಿಡುತ್ತಿದ್ದ. ಆಕೆ ಅವಸರ ಮಾಡಿದರೆ, "ತಡೀರಿ ಮೇಡಂ, ಸುಳ್ಳು ಹೇಳಬಾರದು," ಎನ್ನುತ್ತಿದ್ದ. ತನ್ನ ನಿಬ್ಬಿನ ಬಗ್ಗೆ ತನಗಿದ್ದ ಹಟವೇ ಅದು ಎಂದು ಆಕೆಗೆ ಅನ್ನಿಸಿತು. ಅನ್ನಿಸಿದ್ದನ್ನು ಅವನಿಗೆ ಹೇಳುವಷ್ಟು ಮೆತ್ತಗಾಗಿರಲಿಲ್ಲ. ಆದರೆ ಅವನು ಕೈ ಒರೆಸಿಕೊಂಡನೋ ಇಲ್ಲವೋ ಎಂದು ನೋಡುವುದನ್ನು ಬಿಟ್ಟಳು.

ನಾಲ್ಕು ತಿಂಗಳಲ್ಲಿ ನೂರ ತೊಂಬತ್ತೊಂಬತ್ತು ಮೀನುಗಳಿಗೆ ಅವುಗಳ ಚೀಟಿ ಸಿಕ್ಕಿತು. ನಲವತ್ತೊಂದು ಉಳಿದವು. ಅವನಿಗೆ ಖಾತ್ರಿಯಿರಲಿಲ್ಲ, ಊಹೆಯ ಮೇಲೆ ಹಾಕಲು ಇಬ್ಬರೂ ಒಪ್ಪಲಿಲ್ಲ. ಡೈರೆಕ್ಟರ್ ಅಷ್ಟು ಹೊತ್ತಿಗೆ 'ಮರುಗುರುತು ಯೋಜನೆ' ಎಂಬ ವರದಿ ತಯಾರಿಸಿ, ಮುಖಪುಟದ ಮೇಲೆ ತಮ್ಮದೇ ಫೋಟೋ ಹಾಕಿಸಿಕೊಂಡಿದ್ದರು. ಕೆಲಸ ಮಾಡಿದವರ ಹೆಸರು ಕೊನೆಯ ಪುಟದಲ್ಲಿ 'ಸಿಬ್ಬಂದಿ' ಎಂದಿತ್ತು. ಆಕೆ ಅದನ್ನು ಬೆಳಕಿಗೆ ಹಿಡಿದು ನೋಡಿ, "ಅಚ್ಚಿನ ಶಾಯಿಯೂ ಕಳಪೆ," ಎಂದಷ್ಟೇ ಹೇಳಿ ಕೆಳಗಿಟ್ಟಳು.

ನಲವತ್ತೊಂದನ್ನು ಏನು ಮಾಡುವುದು? "ಎಸೆದುಬಿಡಿ," ಎಂದರು ಡೈರೆಕ್ಟರ್.

ಆಕೆ ಎಸೆಯಲಿಲ್ಲ. ಹೊಸ ನಿಬ್ಬು ತೆಗೆದು ಆಲೂಗಡ್ಡೆಗೆ ಚುಚ್ಚಿದಳು. ಕಪ್ಪು ಮಸಿಯನ್ನು ಬಟ್ಟಲಿಗೆ ಬಗ್ಗಿಸಿದಳು. ಎರಡು ದಿನ ಕೂತು ನಲವತ್ತೊಂದು ಚೀಟಿ ಬರೆದಳು, ಎಲ್ಲದರಲ್ಲೂ ಒಂದೇ ಒಕ್ಕಣೆ: 'ಹೆಸರು, ಜಾಗ, ತಾರೀಕು ಗೊತ್ತಿಲ್ಲ. ಕೆಟ್ಟ ಇಂಕಿನಿಂದ ಅಳಿಸಿಹೋಗಿದೆ. ಅಳಿಸುತ್ತದೆಂದು ಗೊತ್ತಿದ್ದೂ ಚೀಟಿ ಬರೆಯುವವಳು ಸುಮ್ಮನಿದ್ದಳು.' ಕೆಳಗೆ ತನ್ನ ಸಹಿ. ಒಣಗಿಸಿ, ವಿನೆಗರಿನಲ್ಲಿ ಮುಳುಗಿಸಿ, ಮತ್ತೆ ಒಣಗಿಸಿ ಜಾಡಿಗಳಿಗೆ ಇಳಿಬಿಟ್ಟಳು. ಜಾಡಿಯಣ್ಣ ಓದಿಸಿ ಕೇಳಿಸಿಕೊಂಡ. "ಇಷ್ಟೊಂದು ಬರೀಬೇಕಿತ್ತಾ ಮೇಡಂ?" ಎಂದ.

"ಬರೆಯೋದೇ ಕೆಲಸ. ತಪ್ಪಿದ್ದನ್ನು ಬರೆಯಲ್ಲ ಅಂದ್ರೆ ಅದ್ಯಾವ ಬರವಣಿಗೆ?"

ಡೈರೆಕ್ಟರ್ ನೋಡಿದ್ದು ಒಂದು ವಾರದ ಮೇಲೆ. ಮುಖ ಕೆಂಪಾಯಿತು. "ಇದನ್ನೆಲ್ಲ ಜನ ಓದ್ತಾರೆ ಮೇಡಂ! ಮ್ಯೂಸಿಯಂ ಮರ್ಯಾದೆ ಏನಾಗಬೇಕು? ತೆಗೆದುಬಿಡಿ."

"ಒಳಗಿಟ್ಟ ಚೀಟಿ ಹೊರಗೆ ತೆಗೀಬಾರದು ಸಾರ್. ತೆಗೆದ್ರೆ ಏನಾಗುತ್ತೆ ಅಂತ ನಿಮ್ಮ ವರದೀಲೇ ಹತ್ತೊಂಬತ್ತನೇ ಪುಟದಲ್ಲಿದೆ."

ಅವರು ತೆಗೆಸಲಿಲ್ಲ. ಆ ನಲವತ್ತೊಂದು ಜಾಡಿಗಳನ್ನು ಬಾಗಿಲ ಹಿಂದಿನ ಕೆಳಗಿನ ಹಲಗೆಗೆ ತಳ್ಳಿಸಿದರು, ಅಷ್ಟೇ. ಅಲ್ಲಿ ದೀಪವಿರಲಿಲ್ಲ. ಜಾಡಿಯಣ್ಣ ಸ್ಪಿರಿಟ್ ತುಂಬಿಸುವ ನೆಪದಲ್ಲಿ ದಿನಕ್ಕೊಂದರಂತೆ ಅವನ್ನು ಮತ್ತೆ ಮುಂದಿನ ಸಾಲಿಗೆ ತಂದಿಡತೊಡಗಿದ. ಡೈರೆಕ್ಟರಿಗೆ ಮೀನಿನ ಮುಖದ ಗುರುತಿರಲಿಲ್ಲವಾದ್ದರಿಂದ ಅದು ಅವರ ಗಮನಕ್ಕೆ ಬರಲೇ ಇಲ್ಲ.